ನಮಗೆ ಎರಡು ಕಿವಿಗಳೇಕೆ?

ಕುಂದಾಪುರದಿಂದ ಬೈಂದೂರಿಗೆ ಬರುವ ಹೆದ್ದಾರಿಯಲ್ಲಿ ಮರವಂತೆಯನ್ನು ನೋಡಿ ಮೆಚ್ಚದವರಿಲ್ಲ. ರಸ್ತೆಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಎರಡರ ನಡುವೆ ಒಂದು ಪಟ್ಟಿಯಷ್ಟೇ ನೆಲ. ಅಲ್ಲಿಗೆ ಹೋದವರೆಲ್ಲರೂ ಕಣ್ಣಿಗೆ ಕಂಡುದನ್ನು ಬಣ್ಣಿಸುತ್ತಾರೆ. ನಾನು ಕಿವಿಗೆ ಕೇಳಿದುದನ್ನು ಹೇಳಬೇಕೆಂದಿದ್ದೇನೆ. ಬೈಂದೂರಿನ ಕಡೆಗೆ, ಎಂದರೆ ಉತ್ತರಕ್ಕೆ ಮುಖಮಾಡಿ ಆ ರಸ್ತೆಯ ಬದಿಯಲ್ಲಿ ನಡೆಯುವಾಗ ಸಮುದ್ರವು ನನಗೆ ದೂರದಲ್ಲೆಲ್ಲೋ ಗುಡುಗುವ ಮೋಡದಂತೆ ಕೇಳಿಸುತ್ತದೆ. ಹಿಂದಿರುಗಿ ಕುಂದಾಪುರದ ಕಡೆಗೆ ಹೆಜ್ಜೆಯಿಟ್ಟೆನೆಂದರೆ ಅದೇ ಸಮುದ್ರ ಒಮ್ಮೆಲೇ ಹತ್ತಿರಕ್ಕೆ ಬಂದಂತಾಗುತ್ತದೆ. ಅಲೆಯೊಡೆಯುವ ಸಪ್ಪಳ, ನೊರೆಯು ಮರಳಿನ ಮೇಲೆ ಹರಡುವಾಗಿನ ಸುಯ್ಯೆಂಬ ಸದ್ದು, ಎಲ್ಲವೂ ಸ್ಪಷ್ಟವಾಗುತ್ತವೆ.

ಸಮುದ್ರವೇನೂ ಬದಲಾಗಲಿಲ್ಲ; ಬದಲಾದುದು ನನ್ನ ಮುಖದ ದಿಕ್ಕು ಮಾತ್ರ. ನನ್ನ ಎಡಗಿವಿ ಪೂರ್ಣವಾಗಿ ಕಿವುಡು, ಬಲಗಿವಿ ಚೆನ್ನಾಗಿದೆ. ಉತ್ತರಕ್ಕೆ ಹೊರಟಾಗ ಸಮುದ್ರವು ಕಿವುಡಾದ ಕಿವಿಯ ಕಡೆಗಿರುತ್ತದೆ, ದಕ್ಷಿಣಕ್ಕೆ ಹೊರಟಾಗ ಕೇಳುವ ಕಿವಿಯ ಕಡೆಗೆ. ಇಷ್ಟು ಸುಲಭವಾಗಿ ಕಾಣುವ ಈ ಸಂಗತಿಯಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯು ತಿಳಿಯತಕ್ಕ ಒಂದೆರಡು ತತ್ತ್ವಗಳು ಅಡಗಿವೆ. ಅವನ್ನು ತಿಳಿಯದೆ ನಾನು ಹಣವನ್ನೂ ಕಾಲವನ್ನೂ ಕಳೆದುಕೊಂಡುದುಂಟು. ವಾಚಕರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಅವನ್ನು ಇಲ್ಲಿ ವಿವರಿಸುತ್ತೇನೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಂಗನಬಾವು ಬಂದಿತ್ತು. ಕೆನ್ನೆ ಊದಿತು, ಜ್ವರ ಬಂತು, ಹತ್ತು ದಿನಗಳಲ್ಲಿ ಎಲ್ಲವೂ ಇಳಿಯಿತು. ಮತ್ತೆ ಶಾಲೆಗೆ ಹೋದೆ. ಕೆಲವು ತಿಂಗಳ ಮೇಲೆ ನೆರೆಮನೆಯ ದೂರವಾಣಿಗೆ ಮುಂಬಯಿಯಿಂದ ಸೋದರಮಾವ ಕರೆಮಾಡಿದರು. ಅಮ್ಮ ಮಾತನಾಡಿ ರಿಸೀವರನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಎಡಗಿವಿಗೆ ಹಿಡಿದು, ‘ಅಮ್ಮಾ, ಲೈನ್ ಸತ್ತ್ ಹೋಯ್ತ್’ ಎಂದು ಹಿಂದಕ್ಕೆ ಕೊಟ್ಟೆ. ಅಮ್ಮ ಕಿವಿಗಿಟ್ಟು ನೋಡಿದರೆ ಮಾವ ಇನ್ನೂ ಮಾತನಾಡುತ್ತಲೇ ಇದ್ದರು! ಸತ್ತುಹೋದುದು ಲೈನಲ್ಲ, ಕಿವಿ ಎಂಬುದು ಆ ದಿನ ಮನೆಯವರಿಗೆ ತಿಳಿಯಿತು. ಮಂಗನಬಾವಿನ ವೈರಸ್ ಕೆಲವೊಮ್ಮೆ ಒಳಗಿವಿಯಲ್ಲಿರುವ ಕಾಕ್ಲಿಯ ಎಂಬ ಶಂಖಾಕೃತಿಯ ಅಂಗವನ್ನು ಹೊಕ್ಕು, ಶಬ್ದದ ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸುವ ಸೂಕ್ಷ್ಮ ರೋಮಕೋಶಗಳನ್ನು ನಾಶಮಾಡುತ್ತದೆ. ಪ್ರತಿಯೊಂದು ಕಿವಿಯಲ್ಲಿಯೂ ಇಂತಹ ಸುಮಾರು 15,000 ಕೋಶಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಈ ರೋಗದಿಂದ ಕಿವುಡು ಬಂದರೆ ಅದು ಸಾಮಾನ್ಯವಾಗಿ ಒಂದೇ ಕಿವಿಗೆ ಬರುವುದರಿಂದ ಮನೆಯವರಿಗೂ ಮಗುವಿಗೂ ಬಹುಕಾಲ ಗೊತ್ತಾಗದೆ ಉಳಿಯುವುದುಂಟು.

‘ಒಂದು ಹೋದರೇನು, ಇನ್ನೊಂದು ಇದೆಯಲ್ಲ!’ ಎಂದು ಅಂದು ಎಲ್ಲರೂ ಸಮಾಧಾನ ಹೇಳಿದರು. ಮೂತ್ರಪಿಂಡಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಎರಡರಲ್ಲಿ ಒಂದನ್ನು ತೆಗೆದರೂ ಉಳಿದುದು ಎರಡರ ಕೆಲಸವನ್ನೂ ನಿರ್ವಹಿಸಬಲ್ಲುದು. ಕಿವಿಯ ವಿಷಯ ಹಾಗಲ್ಲ. ಎರಡು ಕಿವಿಗಳು ಸೇರಿ ಮಾಡುವ ಕೆಲವು ಕೆಲಸಗಳನ್ನು ಒಂದು ಕಿವಿಯು, ಅದೆಷ್ಟೇ ಚುರುಕಾಗಿದ್ದರೂ, ಮಾಡಲಾರದು. ಏಕೆಂಬುದನ್ನು ನೋಡೋಣ.

ಮೊದಲು ಒಂದು ಪ್ರಯೋಗ. ಮನೆಯ ಅಂಗಳದ ನಡುವೆ ಕಣ್ಣು ಮುಚ್ಚಿ ಕುಳಿತುಕೊಳ್ಳಿರಿ. ಗೆಳೆಯನೊಬ್ಬನು ಸುತ್ತಲೂ ಸದ್ದಿಲ್ಲದೆ ಸುಳಿದಾಡುತ್ತ ಬೇರೆ ಬೇರೆ ಕಡೆಗಳಲ್ಲಿ ಎರಡು ಕಲ್ಲುಗಳನ್ನು ತಟ್ಟಲಿ. ನೀವು ಶಬ್ದ ಬಂದ ಕಡೆಗೆ ಬೆರಳು ತೋರಿಸಿರಿ. ಎದುರಿಗೆ ಬಂದ ಶಬ್ದದ ದಿಕ್ಕನ್ನು ಬಹುತೇಕ ತಪ್ಪಿಲ್ಲದೆ ತೋರಿಸುವಿರಿ. ಈಗ ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಂಡು ಅದನ್ನೇ ಮತ್ತೆ ಮಾಡಿರಿ. ಶಬ್ದವೆಲ್ಲವೂ ತೆರೆದಿರುವ ಕಿವಿಯ ಕಡೆಗೇ ವಾಲುವುದು. ಬೆರಳು ಎಲ್ಲೆಲ್ಲಿಗೋ ಹೋಗುವುದು. ಬೆರಳಿನಿಂದ ಮುಚ್ಚಿದ ಕಿವಿಯು ಪೂರ್ಣ ಕಿವುಡೇನೂ ಅಲ್ಲ, ಆದರೂ ಇಷ್ಟು ಗೊಂದಲ!

ಇದರ ಕಾರಣವು ಸರಳ ಗಣಿತದಿಂದ ತಿಳಿಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಶಬ್ದವು ಒಂದು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಚಲಿಸುತ್ತದೆ. ನಿಮ್ಮ ಬಲಕ್ಕೆ ನೇರವಾಗಿ ಒಬ್ಬನು ಕೂಗಿದನೆನ್ನಿರಿ. ಆ ಶಬ್ದವು ಬಲಗಿವಿಯನ್ನು ಮುಟ್ಟಿದ ಮೇಲೆ ತಲೆಯನ್ನು ಬಳಸಿಕೊಂಡು ಎಡಗಿವಿಗೆ ಹೋಗಲು ಸುಮಾರು 22 ಸೆಂಟಿಮೀಟರ್ ಹೆಚ್ಚಿನ ದಾರಿಯನ್ನು ಕ್ರಮಿಸಬೇಕು. ಅದಕ್ಕೆ ಬೇಕಾಗುವ ಕಾಲ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಲೆಕ್ಕಹಾಕಿದರೆ ಸುಮಾರು 0.0006 ಸೆಕೆಂಡು. ಎದುರಿನಿಂದ ಬಂದ ಶಬ್ದವಾದರೆ ಎರಡೂ ಕಿವಿಗಳನ್ನು ಒಂದೇ ಕ್ಷಣದಲ್ಲಿ ಮುಟ್ಟುತ್ತದೆ. ಶಬ್ದದ ಮೂಲವು ಎದುರಿನಿಂದ ಪಕ್ಕಕ್ಕೆ ಸರಿದಂತೆಲ್ಲ ಈ ಕಾಲದ ಅಂತರ ಸೊನ್ನೆಯಿಂದ ಏರುತ್ತ ಹೋಗುತ್ತದೆ. ಈ ಅಲ್ಪಕಾಲವನ್ನು ಮಿದುಳು ಅಳೆಯಬಲ್ಲುದೆ? ಅಳೆಯಬಲ್ಲುದು! ಅನುಕೂಲ ಪರಿಸ್ಥಿತಿಯಲ್ಲಿ ಒಂದು ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಅಂತರವನ್ನು ಕೂಡ ಮನುಷ್ಯನು ಗುರುತಿಸುತ್ತಾನೆಂದು ಪ್ರಯೋಗಗಳಿಂದ ಸಿದ್ಧಪಟ್ಟಿದೆ. ಅಷ್ಟು ಕಾಲದಲ್ಲಿ ಶಬ್ದವು ಕ್ರಮಿಸುವ ದೂರ ಕೇವಲ ಮೂರೂವರೆ ಮಿಲಿಮೀಟರ್. ಎದುರಿನ ಶಬ್ದದ ದಿಕ್ಕನ್ನು ಒಂದು ಡಿಗ್ರಿಯಷ್ಟು ನಿಖರವಾಗಿ ಹೇಳಲು ಸಾಧ್ಯವಾಗಿರುವುದು ಇದರಿಂದಲೇ.

ಎರಡನೆಯ ಸೂಚನೆಯನ್ನು ಕೊಡುವುದು ತಲೆಯ ನೆರಳು. ನೆರಳು ಬೆಳಕಿಗೆ ಮಾತ್ರ ಇರುವುದಲ್ಲ, ಶಬ್ದಕ್ಕೂ ಇದೆ. ಆದರೆ ಎಲ್ಲ ಶಬ್ದಗಳಿಗೂ ಸಮನಾಗಿಲ್ಲ. ಸೆಕೆಂಡಿಗೆ 200 ಕಂಪನಗಳುಳ್ಳ ಗಡಸು ಧ್ವನಿಯ ತರಂಗದೂರ ಒಂದೂಮುಕ್ಕಾಲು ಮೀಟರ್. ಅದರ ಮುಂದೆ ನಮ್ಮ ತಲೆ ಚಿಕ್ಕದು. ಅಲೆಯು ನೀರಿನಲ್ಲಿ ನೆಟ್ಟ ಗೂಟವನ್ನು ಬಳಸಿ ಮುಂದೆ ಹೋಗುವಂತೆ ಈ ಧ್ವನಿಯು ತಲೆಯನ್ನು ಬಳಸಿ ಆಚೆಯ ಕಿವಿಯನ್ನು ಸೇರುತ್ತದೆ. ಇದನ್ನೇ ವಿವರ್ತನೆ ಎನ್ನುತ್ತೇವೆ. ಸೆಕೆಂಡಿಗೆ 4,000 ಕಂಪನಗಳುಳ್ಳ ಕೀರಲು ಧ್ವನಿಯ ತರಂಗದೂರವಾದರೋ ಒಂಬತ್ತು ಸೆಂಟಿಮೀಟರಿಗೂ ಕಡಿಮೆ. ಅದಕ್ಕೆ ತಲೆಯು ದೊಡ್ಡ ಬಂಡೆಯಂತೆ ಅಡ್ಡವಾಗುತ್ತದೆ. ಆಚೆಯ ಕಿವಿಯಲ್ಲಿ ಅದರ ಬಲವು 15–20 ಡೆಸಿಬೆಲ್ಲುಗಳಷ್ಟು ಕುಗ್ಗಬಹುದು. ಮರವಂತೆಯ ಒಗಟು ಈಗ ಬಿಡಿಸಿತಲ್ಲವೆ? ಕಡಲಿನ ಗುಡುಗು ದೀರ್ಘ ತರಂಗದ್ದು. ಅದು ತಲೆಯನ್ನು ಬಳಸಿ ನನ್ನ ಬಲಗಿವಿಗೆ ಬಂದು ಸೇರುತ್ತದೆ. ನೊರೆಯ ಸುಯ್ಯೆಂಬ ಸದ್ದು ಹ್ರಸ್ವ ತರಂಗದ್ದು. ಅದು ತಲೆಯ ನೆರಳಿನಲ್ಲಿ ಅಡಗಿಹೋಗುತ್ತದೆ.

ಈ ಎರಡು ಸೂಚನೆಗಳನ್ನು ಸೇರಿಸಿ ಸಿದ್ಧಾಂತವನ್ನಾಗಿ ರೂಪಿಸಿದವರು ಇಂಗ್ಲೆಂಡಿನ ಪ್ರಸಿದ್ಧ ಭೌತವಿಜ್ಞಾನಿ ಲಾರ್ಡ್ ರ್‍ಯಾಲಿ. ಆರ್ಗಾನ್ ಅನಿಲದ ಶೋಧಕ್ಕಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಇವರು, ಕೆಳಸ್ಥಾಯಿಯ ಧ್ವನಿಗಳ ದಿಕ್ಕನ್ನು ಎರಡು ಕಿವಿಗಳ ನಡುವಣ ಕಾಲದ ಅಂತರದಿಂದಲೂ ಮೇಲುಸ್ಥಾಯಿಯವುಗಳ ದಿಕ್ಕನ್ನು ಬಲದ ಅಂತರದಿಂದಲೂ ನಾವು ತಿಳಿಯುತ್ತೇವೆಂದು 1907ರಲ್ಲಿ ಪ್ರತಿಪಾದಿಸಿದರು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ‘ಅಂತರ’ ಎಂಬ ಪದ. ಅಂತರವನ್ನು ಕಾಣಲು ಎರಡು ಅಳತೆಗಳು ಬೇಕು. ಒಂದೇ ಸಂಖ್ಯೆಯನ್ನು ಕೊಟ್ಟು ವ್ಯವಕಲನ ಮಾಡೆಂದರೆ ಯಾವ ಗಣಿತಜ್ಞನೂ ಮಾಡಲಾರ. ಹಾಗೆಯೇ ಒಂದೇ ಕಿವಿಯುಳ್ಳವನ ಮಿದುಳೂ ಮಾಡಲಾರದು.

ಎರಡು ಕಿವಿಗಳಿಂದ ಆಗುವ ಇನ್ನೊಂದು ಉಪಕಾರವಿದೆ. ಹತ್ತು ಜನ ಒಟ್ಟಿಗೆ ಮಾತನಾಡುವ ಕಡೆಯಲ್ಲಿ ನಮಗೆ ಬೇಕಾದ ಒಬ್ಬರ ಮಾತನ್ನು ಹೆಕ್ಕಿ ಕೇಳುವ ಶಕ್ತಿ ಅದು. 1953ರಲ್ಲಿ ಕಾಲಿನ್ ಚೆರಿ ಎಂಬ ವಿಜ್ಞಾನಿಯು ಒಬ್ಬನದೇ ಧ್ವನಿಯಲ್ಲಿ ಮುದ್ರಿಸಿದ ಎರಡು ಬೇರೆ ಬೇರೆ ಸಂದೇಶಗಳನ್ನು ಬೆರೆಸಿ ಎರಡೂ ಕಿವಿಗಳಿಗೆ ಕೇಳಿಸಿದನು. ಅವನ್ನು ಬೇರ್ಪಡಿಸಲು ಕೇಳುಗರು ಬಹಳ ಕಷ್ಟಪಟ್ಟರು. ಒಂದು ಸಂದೇಶವನ್ನು ಒಂದು ಕಿವಿಗೂ ಇನ್ನೊಂದನ್ನು ಇನ್ನೊಂದು ಕಿವಿಗೂ ಕೊಟ್ಟಾಗ ಬೇಕಾದುದನ್ನು ಅನಾಯಾಸವಾಗಿ ಹಿಡಿದರು. ಒಂದೇ ಕಿವಿಯವನಿಗೆ ಜಗತ್ತೆಲ್ಲವೂ ಚೆರಿಯ ಮೊದಲನೆಯ ಪ್ರಯೋಗದಂತೆ. ಯಕ್ಷಗಾನದ ಬಯಲಾಟದಲ್ಲಿ ಚಂಡೆಯ ಪೆಟ್ಟು ಬಿದ್ದಾಗ ಉಳಿದವರಿಗೆ ಭಾಗವತರ ಹಾಡು ಬೇರೆಯಾಗಿ ನಿಲ್ಲುತ್ತದೆ. ನನಗೆ ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ.

ನಿತ್ಯಜೀವನದಲ್ಲಿ ಇದರ ಪರಿಣಾಮ ವಿಚಿತ್ರವಾಗಿರುತ್ತದೆ. ಬೈಂದೂರಿನ ಪೇಟೆಯಲ್ಲಿ ಯಾರಾದರೂ ‘ಹ್ವಾಯ್’ ಎಂದು ಕರೆದರೆ ನಾನು ಒಂದು ಸುತ್ತು ತಿರುಗಿ ಮುಖಗಳನ್ನು ಹುಡುಕುತ್ತೇನೆ. ನಾಲ್ಕು ಪಥದ ಹೆದ್ದಾರಿಯನ್ನು ದಾಟುವಾಗ ಹಾರನ್ನಿನ ಸದ್ದು ಕೇಳಿಸುತ್ತದೆ, ಬಸ್ಸು ಎತ್ತಣಿಂದ ಬರುತ್ತಿದೆಯೆಂದು ತಿಳಿಯುವುದಿಲ್ಲ; ಕಣ್ಣನ್ನೇ ನಂಬಬೇಕು. ಮದುವೆಯ ಪಂಕ್ತಿಯಲ್ಲಿ ಎಡಗಡೆ ಕುಳಿತವರು ಮಾತನಾಡಿಸಿದರೆ ನಾನು ಉತ್ತರ ಕೊಡದೆ ಉಣ್ಣುತ್ತಿರುತ್ತೇನೆ. ಮಾಸ್ಟ್ರಿಗೆ ಭಾರಿ ಜಂಬವೆಂದು ಅವರು ತಿಳಿಯುತ್ತಾರೆ. ‘ಸಾಲು’, ‘ಕಾಲು’, ‘ಪಾಲು’ ಎಂಬ ಪದಗಳನ್ನು ಬೇರೆಮಾಡುವುದು ಮೊದಲಿನ ವ್ಯಂಜನ. ವ್ಯಂಜನಗಳ, ಅದರಲ್ಲಿಯೂ ಸಕಾರದ, ಬಹುಭಾಗವು ಹ್ರಸ್ವ ತರಂಗಗಳಿಂದ ಆದುದು. ಆದುದರಿಂದ ಎಡಗಡೆಯವರ ಮಾತು ಕೇಳಿದರೂ ಸ್ವರಗಳು ಮಾತ್ರ ನನಗೆ ತಲುಪುತ್ತವೆ. ಎಲ್ಲಕ್ಕಿಂತ ನಾಚಿಕೆಯ ಸಂಗತಿ ತರಗತಿಯದು. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಎಡಗಡೆಯ ಬೆಂಚಿನವರು ಮಾಡಿದ ಗಲಾಟೆಗೆಲ್ಲ ಬಲಗಡೆಯವರನ್ನು ಗದರಿಸುತ್ತಿದ್ದೆ! ಕಾರಣ ಗೊತ್ತಾದ ಮೇಲೆ ಅವರ ಕ್ಷಮೆ ಕೇಳಿ, ಪ್ರಶ್ನೆಯಿದ್ದವರು ಕೈಯೆತ್ತಬೇಕೆಂಬ ನಿಯಮವನ್ನು ಮಾಡಿದೆ.

ಇನ್ನು ಶ್ರವಣಸಾಧನಗಳ ವಿಷಯ. ಕೆಲಸ ಸಿಕ್ಕಿದ ಮೇಲೆ ಮೊದಲು ಕೊಂಡದ್ದು ಸಾಮಾನ್ಯ ಶ್ರವಣಯಂತ್ರ. ಅಂಗಡಿಯೊಂದರಲ್ಲಿ ಸರಿಯಾದ ಪರೀಕ್ಷೆಯಿಲ್ಲದೆ ಅದನ್ನು ನನ್ನ ಎಡಗಿವಿಗೆ ತೊಡಿಸಿ ಕಳುಹಿಸಿದರು. ಅದು ಶಬ್ದವನ್ನು ಹಿಗ್ಗಿಸುವ ಯಂತ್ರ. ಅಲ್ಪಸ್ವಲ್ಪ ಕೇಳುವ ಕಿವಿಗೆ ಅದರಿಂದ ದೊಡ್ಡ ಸಹಾಯವಾಗುತ್ತದೆ. ಆದರೆ ಗ್ರಹಿಸುವ ಕೋಶಗಳೇ ಇಲ್ಲದ ಕಿವಿಯಲ್ಲಿ ಎಷ್ಟು ಹಿಗ್ಗಿಸಿದರೇನು? ಕಿವಿಯಲ್ಲಿ ಜುಮ್ಮೆನ್ನುವ ಸ್ಪರ್ಶವಾಯಿತೇ ಹೊರತು ಒಂದು ಪದವೂ ಕೇಳಲಿಲ್ಲ. ಸೊನ್ನೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆಯೇ ಎಂಬುದು ಭೌತಶಾಸ್ತ್ರದ ಅಧ್ಯಾಪಕನಿಗೆ ಮೊದಲೇ ಹೊಳೆಯಬೇಕಾಗಿತ್ತು.

ಎರಡನೆಯದು ಕ್ರಾಸ್ ಎಂಬ ಸಾಧನ. ಹಾರ್ಫರ್ಡ್ ಮತ್ತು ಬ್ಯಾರಿ ಎಂಬ ಅಮೆರಿಕದ ಇಬ್ಬರು ತಜ್ಞರು ಇದನ್ನು 1965ರಲ್ಲಿ ವರ್ಣಿಸಿದರು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪನೆಯಾದುದೂ ಅದೇ ವರ್ಷ. ಕಿವುಡಾದ ಕಿವಿಯ ಬಳಿ ಒಂದು ಮೈಕ್ರೊಫೋನನ್ನಿಟ್ಟು, ಅಲ್ಲಿ ಬಿದ್ದ ಶಬ್ದವನ್ನು ಕೇಳುವ ಕಿವಿಗೆ ಸಾಗಿಸುವುದು ಇದರ ತತ್ತ್ವ. ಮೊದಲು ತಂತಿಯ ಮೂಲಕ ಸಾಗಿಸುತ್ತಿದ್ದರು, ಈಗ ತಂತಿಯಿಲ್ಲದೆ. ಮೂರು ವಾರ ಇದನ್ನು ಪರೀಕ್ಷಾರ್ಥವಾಗಿ ತೊಟ್ಟೆ. ಸದ್ದಿಲ್ಲದ ಕೋಣೆಯಲ್ಲಿ ಎಡಗಡೆಯವರ ಮಾತು ಸಕಾರ ಸಮೇತ ಸ್ಪಷ್ಟವಾಯಿತು. ಕಾರು ನಡೆಸುವಾಗ ನಮ್ಮ ದೇಶದಲ್ಲಿ ಜೊತೆಯವರು ಚಾಲಕನ ಎಡಕ್ಕೆ ಕೂರುತ್ತಾರಷ್ಟೆ. ಹೆಂಡತಿಯ ಮಾತಿಗೆ ಸರಿಯಾದ ಉತ್ತರ ಕೊಡುವುದು ಅಂದು ಮೊದಲ ಬಾರಿಗೆ ಸಾಧ್ಯವಾಯಿತು! ಆದರೆ ಎಡಗಡೆ ಗದ್ದಲವಿದ್ದು ಮಾತನಾಡುವವರು ಬಲಗಡೆಯಿದ್ದರೆ ಸಾಧನವು ಗದ್ದಲವನ್ನೇ ಹೊತ್ತು ತಂದು ಒಳ್ಳೆಯ ಕಿವಿಗೆ ಸುರಿಯುತ್ತದೆ. ಆಗ ಅದಿಲ್ಲದಿರುವುದೇ ಮೇಲು. ದಿಕ್ಕಂತೂ ತಿಳಿಯಲಿಲ್ಲ, ತಿಳಿಯುವಂತೆಯೂ ಇಲ್ಲ. ಎರಡು ಕಡೆಯ ಶಬ್ದವನ್ನೂ ಒಂದೇ ಕಿವಿಗೆ ತುಂಬಿದರೆ ಅಂತರವನ್ನು ಅಳೆಯುವುದೆಲ್ಲಿ?

ಮೂರನೆಯದು ಮೂಳೆಯ ಮೂಲಕ ಕೇಳಿಸುವ ಸಾಧನ. ಇದರ ತತ್ತ್ವವನ್ನು ನಿಮ್ಮ ಪ್ರಯೋಗಶಾಲೆಯಲ್ಲಿಯೇ ನೋಡಬಹುದು. ಟ್ಯೂನಿಂಗ್ ಫೋರ್ಕ್ ಎಂದು ಕರೆಯುವ ಶ್ರುತಿಕವೆಯನ್ನು ರಬ್ಬರಿನ ದಿಂಡಿಗೆ ತಟ್ಟಿ, ಅದರ ಕಾಂಡವನ್ನು ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದರೆ ನನಗೆ ಧ್ವನಿ ಕೇಳುವುದು ಬಲಗಿವಿಯಲ್ಲಿ! ತಲೆಬುರುಡೆಯೆಲ್ಲ ಒಟ್ಟಾಗಿ ಕಂಪಿಸುವುದರಿಂದ ಅಲ್ಲಿ ನೆರಳಿನ ಅಡ್ಡಿಯಿಲ್ಲ. ಈ ಕಂಪಕವನ್ನು ಟೈಟೇನಿಯಂ ಮೊಳೆಯಿಂದ ಎಲುಬಿಗೆ ಕೂಡಿಸುವ ಚಿಕಿತ್ಸೆಯು 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಮೊದಲಾಯಿತು. ಒಂದು ಕಿವಿಯ ಕಿವುಡಿಗೆ ಇದನ್ನು ಬಳಸಲು ಅಮೆರಿಕದಲ್ಲಿ ಅನುಮತಿ ದೊರೆತುದು 2002ರಲ್ಲಿ. ಶಸ್ತ್ರಚಿಕಿತ್ಸೆಗೆ ಮುನ್ನ ತಲೆಪಟ್ಟಿಗೆ ಸಿಕ್ಕಿಸಿದ ಕಂಪಕದಿಂದ ಪರೀಕ್ಷಿಸಿ ನೋಡಬಹುದು. ನಾನು ಹಾಗೆ ನೋಡಿದಾಗ ಕಂಡ ಲಾಭ ನಷ್ಟಗಳು ಕ್ರಾಸ್ ಸಾಧನದವೇ. ಕೊನೆಗೆ ಕೇಳುವುದು ಇಲ್ಲಿಯೂ ಒಂದೇ ಕಿವಿಯಲ್ಲವೆ?

ಸತ್ತ ಕಡೆಯಿಂದ ಮಿದುಳಿಗೆ ಎರಡನೆಯ ಸುದ್ದಿಯನ್ನು ನಿಜವಾಗಿ ಕಳುಹಿಸುವ ಸಾಧನವೆಂದರೆ ಕಾಕ್ಲಿಯರ್ ಇಂಪ್ಲಾಂಟ್ ಒಂದೇ. ಅದು ನಷ್ಟವಾದ ಕೋಶಗಳನ್ನು ಬಿಟ್ಟು ಶ್ರವಣನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ. ಬೆಲ್ಜಿಯಮಿನ ವೈದ್ಯರು 2008ರಲ್ಲಿ ಒಂದು ಕಿವಿಯ ಕಿವುಡರಿಗೆ ಇದನ್ನು ಅಳವಡಿಸಿದ ಫಲಿತಾಂಶಗಳನ್ನು ಪ್ರಕಟಿಸಿದರು. 2019ರಲ್ಲಿ ಅಮೆರಿಕವೂ ಅನುಮತಿ ನೀಡಿತು. ಇದನ್ನು ಪಡೆದ ಹಲವರಿಗೆ ದಿಕ್ಕಿನ ಅರಿವು ಒಂದುಮಟ್ಟಿಗೆ ಮರಳಿದೆ. ಆದರೆ ಶ್ರವಣನರ ಜೀವಂತವಾಗಿರಬೇಕು, ಕಿವುಡು ಬಂದು ಬಹಳ ಕಾಲವಾಗಿರಬಾರದು. ದಶಕಗಳ ಕಾಲ ಸುದ್ದಿಯೇ ಬರದ ದಾರಿಯನ್ನು ಮಿದುಳು ಮರೆಯುತ್ತದೆ. ಬಾಲ್ಯದಿಂದ ಕೇಳದ ನನ್ನ ಕಿವಿಗೆ ಇದರಿಂದ ಹೆಚ್ಚಿನ ಫಲವಿಲ್ಲವೆಂದು ವೈದ್ಯರು ಹೇಳಿದರು. ನಾನು ಒಪ್ಪಿದೆ. ಈಗ ಕ್ರಾಸ್ ಸಾಧನವನ್ನು ಸಭೆಗೂ ಪ್ರಯಾಣಕ್ಕೂ ಮಾತ್ರ ತೊಡುತ್ತೇನೆ; ಉಳಿದ ಹೊತ್ತು ಪಂಕ್ತಿಯ ಎಡತುದಿಯಲ್ಲಿ ಕುಳಿತು ಎಲ್ಲರನ್ನೂ ಬಲಕ್ಕೆ ಮಾಡಿಕೊಳ್ಳುತ್ತೇನೆ.

ಕಾಲದ ಮಾತು ಬಂದುದರಿಂದ ಒಂದು ಎಚ್ಚರಿಕೆ. ಕೆಲವರಿಗೆ ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಿವಿ ಕೇಳದಂತಾಗುವುದುಂಟು. ಅದನ್ನು ಶೀತವೆಂದೋ ಗುಗ್ಗೆಯೆಂದೋ ತಿಳಿದು ಬಿಸಿ ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯುತ್ತಾರೆ. ಒಳಗಿವಿಯ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಔಷಧದ ಚಿಕಿತ್ಸೆಯನ್ನು ಆದಷ್ಟು ಬೇಗ, ಮೊದಲ ಎರಡು ವಾರಗಳೊಳಗೆ ಪ್ರಾರಂಭಿಸಿದರೆ ಮಾತ್ರ ಕಿವಿ ಮರಳುವ ಸಂಭವ ಹೆಚ್ಚು. ಆದಕಾರಣ ಆ ದಿನವೇ ಕಿವಿಯ ವೈದ್ಯರಲ್ಲಿಗೆ ಹೋಗಬೇಕು. ನಮ್ಮ ಕಡೆಯವರಿಗೆ ಮಣಿಪಾಲ, ಮಂಗಳೂರುಗಳಲ್ಲಿಯೂ ಶ್ರವಣಪರೀಕ್ಷೆಯ ವಿಭಾಗಗಳಿವೆ.

ಮಕ್ಕಳ ವಿಷಯದಲ್ಲಿ ಉಪೇಕ್ಷೆ ಇನ್ನೂ ಹೆಚ್ಚು. 1984ರಲ್ಲಿ ಅಮೆರಿಕದಲ್ಲಿ ಬೆಸ್ ಮತ್ತು ಥಾರ್ಪ್ ಎಂಬವರು ಒಂದು ಕಿವಿ ಕೇಳದ 60 ಮಕ್ಕಳನ್ನು ಪರಿಶೀಲಿಸಿದಾಗ ಅವರಲ್ಲಿ ಶೇಕಡಾ 35ರಷ್ಟು ಮಂದಿ ಒಂದಲ್ಲ ಒಂದು ತರಗತಿಯಲ್ಲಿ ಅನುತ್ತೀರ್ಣರಾಗಿದ್ದುದು ಕಂಡುಬಂತು. ಬುದ್ಧಿಗೆ ಕೊರತೆಯಿರಲಿಲ್ಲ, ಗದ್ದಲದ ತರಗತಿಯಲ್ಲಿ ಪಾಠ ಪೂರ್ತಿ ತಲುಪುತ್ತಿರಲಿಲ್ಲ. ನಮ್ಮ ದೇಶದ 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು ಶ್ರವಣದೋಷವನ್ನು ಎರಡೂ ಕಿವಿಗಳ ನಷ್ಟದಿಂದ ಅಳೆಯುತ್ತದೆ. ಹಾಗಾಗಿ ಇಂತಹ ಮಗುವಿನ ನೆರವಿಗೆ ನಿಲ್ಲಬೇಕಾದವರು ಅಧ್ಯಾಪಕರೂ ಸಹಪಾಠಿಗಳೂ. ಎಡಗಿವಿ ಕೇಳದವರನ್ನು ತರಗತಿಯ ಎಡಬದಿಯ ಮುಂದಿನ ಬೆಂಚಿನಲ್ಲಿ, ಬಲಗಿವಿ ಕೇಳದವರನ್ನು ಬಲಬದಿಯಲ್ಲಿ ಕೂರಿಸಿದರೆ ಒಳ್ಳೆಯ ಕಿವಿಯು ಪಾಠದ ಕಡೆಗಿರುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಕೊನೆಯದಾಗಿ ಒಂದು ಘಟನೆ. ಎರಡು ವರ್ಷಗಳ ಹಿಂದೆ ಪ್ರಯೋಗಶಾಲೆಯಲ್ಲಿ ಶ್ರುತಿಕವೆಯನ್ನು ಹಣೆಯ ನಡುವೆ ಇಟ್ಟು ನೋಡುವ ಪರೀಕ್ಷೆಯನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಎರಡೂ ಕಿವಿಗಳು ಸರಿಯಿದ್ದವರಿಗೆ ಧ್ವನಿಯು ತಲೆಯ ನಡುವೆ ಕೇಳಿಸುತ್ತದೆ. ಒಳಗಿವಿ ಕೆಟ್ಟವರಿಗೆ ಅದು ಒಳ್ಳೆಯ ಕಿವಿಗೆ ಸರಿಯುತ್ತದೆ. ಶಬ್ದದ ಹೊರದಾರಿಯಲ್ಲಿ ಮಾತ್ರ ತಡೆಯಿದ್ದರೆ, ಆಶ್ಚರ್ಯವೆಂಬಂತೆ, ತಡೆಯಿರುವ ಕಿವಿಯಲ್ಲೇ ಹೆಚ್ಚು ಕೇಳಿಸುತ್ತದೆ. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ಬಾಯಿಮುಚ್ಚಿ ಗುನುಗಿ ನೋಡಿರಿ, ನಿಮಗೇ ತಿಳಿಯುವುದು. ಅಂದು ಒಬ್ಬ ಹುಡುಗಿ, ‘ಸರ್, ನಂಗೆ ಬಲದಂಗೆ ಮಾತ್ರ ಕೇಂತ್’ ಎಂದಳು. ಆಕೆ ಹಿಂದಿನ ಬೆಂಚಿನಲ್ಲಿ ಕೂರುವವಳು. ಕರೆದರೆ ತಟ್ಟನೆ ಉತ್ತರ ಕೊಡದವಳು. ಗಮನವಿಲ್ಲದವಳೆಂದು ನಾನೂ ತಿಳಿದಿದ್ದೆ. ಚಿಕ್ಕಂದಿನಲ್ಲಿ ಬಲಗಿವಿ ಸೋರುತ್ತಿತ್ತೆಂದು ಆಮೇಲೆ ಹೇಳಿದಳು. ಮನೆಯವರು ವೈದ್ಯರಲ್ಲಿಗೆ ಕರೆದೊಯ್ದಾಗ ಕಿವಿಯ ತಮಟೆಯಲ್ಲಿ ತೂತು ಕಂಡಿತು. ಅದನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಿದರು. ಈಗ ಎರಡೂ ಕಿವಿಗಳು ಕೇಳುತ್ತವೆ.

ನನ್ನ ಕಿವಿಯ ಕಾಯಿಲೆಗೆ ಮದ್ದಿಲ್ಲ, ಅವಳದಕ್ಕಿತ್ತು. ಯಾರದು ಯಾವುದೆಂದು ಪರೀಕ್ಷಿಸದೆ ತಿಳಿಯುವುದಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತವರು ಕರೆದರೆ ಓಗೊಡದಿದ್ದಲ್ಲಿ ಜಂಬವೆಂದೋ ಮಂಕುತನವೆಂದೋ ತೀರ್ಮಾನಿಸುವುದಕ್ಕೆ ಮೊದಲು ಅವರ ಇನ್ನೊಂದು ಪಕ್ಕಕ್ಕೆ ಹೋಗಿ ಕರೆದು ನೋಡಿರಿ.